ಒಬ್ಬ ಹುಡುಗನ ಲೆಕ್ಕ

ಮುಂಬಯಿಯಲ್ಲಿ ನಮ್ಮವರ ಸಭೆ ಸಮಾರಂಭಗಳಿಗೆ ಹೋಗಿ ಬಂದವರಿಗೆಲ್ಲ ಒಂದು ಮಾತು ಬಾಯಿಪಾಠವಾಗಿರುತ್ತದೆ. ವೇದಿಕೆಯ ಮೇಲಿನ ಹಿರಿಯರು ಮೈಕಿನ ಮುಂದೆ ನಿಂತು, "ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದೆ, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತೆ, ಇವತ್ತು ಈ ಸ್ಥಿತಿಗೆ ಬಂದೆ" ಅನ್ನುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ನಾನೂ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸಿದವನೇ. ಸುಳ್ಳೇನೂ ಹೇಳಿಲ್ಲ. ನಾನು ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಇಲ್ಲಿಗೆ ಬಂದದ್ದು 1971ರಲ್ಲಿ. ಆಗ ನನಗೆ 12 ವರ್ಷ.

ಕಳೆದ ವರ್ಷ ಅಂಥದೇ ಒಂದು ಸಮಾರಂಭಕ್ಕೆ ಮೊಮ್ಮಗಳೂ ಬಂದಿದ್ದಳು. ಲೋಕಲ್ ಟ್ರೈನಿನಲ್ಲಿ ಡೊಂಬಿವಲಿಗೆ ಹಿಂದಿರುಗುವಾಗ ಅವಳು ಕೇಳಿದ ಪ್ರಶ್ನೆ ಇದು: "ಅಜ್ಜ, 12 ವರ್ಷದವನನ್ನು ಕೆಲಸಕ್ಕೆ ಇಟ್ಟುಕೊಳ್ಳೋದು ತಪ್ಪು ಅಂತ ನಮ್ಮ ಪುಸ್ತಕದಲ್ಲಿದೆ. ಮತ್ತೆ ನಿಮಗೆ ಯಾಕೆ ಎಲ್ಲರೂ ಚಪ್ಪಾಳೆ ತಟ್ಟಿದ್ರು?"

ನನಗೆ ಉತ್ತರ ಹೊಳೆಯಲಿಲ್ಲ. "ಆಗಿನ ಕಾಲ ಹಾಗಿತ್ತಮ್ಮ" ಅಂದು ಕಿಟಕಿ ಕಡೆ ತಿರುಗಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಶಾಲೆಯ ಬಾಗಿಲು ಯಾವ ಮಗುವಿಗೆ ಯಾವಾಗ ತೆರೆಯಿತು, ಯಾರು ತೆರೆದರು ಎಂದು ಹಳೆಯ ಚರಿತ್ರೆಯನ್ನು ತಿರುವುತ್ತಾ ಹೋದೆ. ಹಾಗೆ ಹೋದದ್ದು ಧಾರವಾಡದಲ್ಲಿ ಹೋಗಿ ನಿಂತಿತು. ಅಲ್ಲಿಂದ ಮತ್ತೆ ಮುಂಬಯಿಗೇ ಬಂತು. ಆ ಕಥೆಯನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕು ಅನ್ನಿಸಿತು.

1856ರ ಜೂನ್ ತಿಂಗಳು. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು ಎನ್ನುವುದು ನಿಮಗೆ ಗೊತ್ತೇ ಇದೆ. ಅಲ್ಲಿನ ಸರಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮಹಾರ್ ಜಾತಿಯ ಒಬ್ಬ ಹುಡುಗ ಅರ್ಜಿ ಹಾಕಿದ. ಶಾಲೆಯವರು ಸೇರಿಸಿಕೊಳ್ಳಲಿಲ್ಲ. ಅರ್ಜಿ ಮೇಲೆ ಮೇಲೆ ಹೋಗಿ ಮುಂಬಯಿ ಸರಕಾರದ ಮುಂದೆ ಬಂತು. ಲಾರ್ಡ್ ಎಲ್ಫಿನ್‌ಸ್ಟನ್ ಆಗಿನ ಗವರ್ನರು. ಜುಲೈ ತಿಂಗಳಲ್ಲಿ ಸರಕಾರ ತನ್ನ ತೀರ್ಮಾನ ಕೊಟ್ಟಿತು. ಅದರ ಒಕ್ಕಣೆಯನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ನ್ಯಾಯ ಹುಡುಗನ ಕಡೆಗೇ ಇದೆ, ನಿಜ. ಆದರೆ ಇದುವರೆಗೆ ಹೀಗೆ ಕೇಳಿಕೊಂಡು ಬಂದಿರುವವನು ಇವನೊಬ್ಬನೇ. ಈ ಒಬ್ಬನನ್ನು ಬಲವಂತವಾಗಿ ಉಳಿದವರ ಜೊತೆ ಕೂರಿಸಿದರೆ ಜಾತಿಯವರೆಲ್ಲ ಶಾಲೆ ಬಿಟ್ಟಾರು. ಒಬ್ಬನಿಗಾಗಿ ಇಡೀ ಶಾಲೆಯನ್ನೇ ನಿರುಪಯೋಗ ಮಾಡುವುದು ಸರಿಯಲ್ಲ.

ಓದಿದಾಗ ನನಗೆ ಆಶ್ಚರ್ಯವಾದದ್ದು ಅವರು ನಿರಾಕರಿಸಿದ್ದಕ್ಕಲ್ಲ. ನ್ಯಾಯ ಅವನದೇ ಎಂದು ಒಪ್ಪಿಕೊಂಡು ನಿರಾಕರಿಸಿದ್ದಕ್ಕೆ! ಇದು ಧರ್ಮಶಾಸ್ತ್ರದ ಮಾತಲ್ಲ, ಕೋಪದ ಮಾತೂ ಅಲ್ಲ. ಬರೀ ಲೆಕ್ಕ. ಒಂದು ಕಡೆ ಒಬ್ಬ, ಇನ್ನೊಂದು ಕಡೆ ನೂರು ಜನ. ತಕ್ಕಡಿ ಎತ್ತ ವಾಲಬೇಕು ನೀವೇ ಹೇಳಿ, ಅನ್ನುವ ಅಂಗಡಿಯ ಲೆಕ್ಕ.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಕಲ್ಕತ್ತೆಯ ಸರಕಾರ 1857ರ ಜನವರಿಯಲ್ಲಿ, ಬಂಗಾಳದ ಸರಕಾರಿ ಶಾಲೆಯಾಗಿದ್ದರೆ ಈ ಹುಡುಗನನ್ನು ಹೊರಗೆ ನಿಲ್ಲಿಸುತ್ತಿರಲಿಲ್ಲ ಎಂದು ಮುಂಬಯಿಗೆ ಬರೆಯಿತು. ಕೊನೆಗೆ 1858ರ ಏಪ್ರಿಲ್‌ನಲ್ಲಿ ಲಂಡನ್ನಿನ ಕಂಪೆನಿ ನಿರ್ದೇಶಕರು, ಸರಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು ಎಂದು ಸ್ಪಷ್ಟಪಡಿಸಿದರು. ಅಂದರೆ ಇಡೀ ಪ್ರಾಂತ್ಯದ ಶಾಲೆಗಳ ಬಗ್ಗೆ ಒಂದು ತತ್ವ ನಿಶ್ಚಯವಾಗಲು ಕಾರಣ ಯಾವ ದೊಡ್ಡ ಚಳುವಳಿಯೂ ಅಲ್ಲ, ಧಾರವಾಡದ ಒಬ್ಬ ಹುಡುಗನ ಅರ್ಜಿ. ಮುಂಬಯಿ ವಿಶ್ವವಿದ್ಯಾಲಯ 1857ರ ಜುಲೈನಲ್ಲಿ ಸ್ಥಾಪನೆಯಾದದ್ದನ್ನು ನಾವೆಲ್ಲ ಓದಿದ್ದೇವೆ. ಅದೇ ಹೊತ್ತಿಗೆ ನಡೆಯುತ್ತಿದ್ದ ಈ ಪತ್ರ ವ್ಯವಹಾರದ ಬಗ್ಗೆ ನಮಗೆ ಯಾವ ಮಾಸ್ತರೂ ಹೇಳಲಿಲ್ಲ.

ಬಾಗಿಲು ಕಾಗದದಲ್ಲಿ ತೆರೆಯಿತು ಅನ್ನಿ. ಒಳಗೆ ಹೋದ ಮಗುವಿನ ಪಾಡೇನು? ಬಾಬಾಸಾಹೇಬ ಅಂಬೇಡ್ಕರರ ಬಾಲ್ಯವೇ ಇದಕ್ಕೆ ಉತ್ತರ. ಸಾತಾರಾದ ಶಾಲೆಯಲ್ಲಿ ಅವರು ಕೂರಲು ಮನೆಯಿಂದಲೇ ಗೋಣಿತಟ್ಟು ಒಯ್ಯಬೇಕಿತ್ತು. ನಲ್ಲಿಯನ್ನು ಬೇರೆಯವರು ತಿರುಗಿಸಿದರೆ ಮಾತ್ರ ನೀರು. ಸಂಸಾರ ಮುಂಬಯಿಗೆ ಬಂದ ಮೇಲೆ ಪರೇಲಿನ ಚಾಳ್‌ನಲ್ಲಿದ್ದುಕೊಂಡು ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ ಹೋಗುತ್ತಿದ್ದರು. ಮಹಾನಗರದ ಹೆಸರಾಂತ ಸರಕಾರಿ ಶಾಲೆ ಅದು. ಒಂದು ದಿನ ಮಾಸ್ತರು ಲೆಕ್ಕ ಬಿಡಿಸಲು ಅವರನ್ನು ಕಪ್ಪುಹಲಗೆಯ ಹತ್ತಿರ ಕರೆದರಂತೆ. ತಕ್ಷಣ ತರಗತಿಯಲ್ಲಿ ಗಲಾಟೆ. ಹುಡುಗರು ತಮ್ಮ ಬುತ್ತಿ ಡಬ್ಬಿಗಳನ್ನು ಹಲಗೆಯ ಹಿಂದೆ ಇಟ್ಟಿದ್ದರು. ಈತ ಹಲಗೆ ಮುಟ್ಟುವುದರೊಳಗೆ ಡಬ್ಬಿಗಳನ್ನು ಆಚೆಗೆ ತೆಗೆಯಲು ಎಲ್ಲರೂ ಓಡಿದರು. ಅಂಬೇಡ್ಕರರ ಜೀವನಚರಿತ್ರೆ ಬರೆದ ಧನಂಜಯ ಕೀರರು ಈ ಪ್ರಸಂಗವನ್ನು ದಾಖಲಿಸಿದ್ದಾರೆ. 1907ರಲ್ಲಿ ಅವರು ಮೆಟ್ರಿಕ್ ಮುಗಿಸಿದರು. 1858ರ ಆದೇಶಕ್ಕೆ ಆಗ ಸುಮಾರು 50 ವರ್ಷ. ಶಾಲೆಯ ಬಾಗಿಲು ತೆರೆಯುವುದು ಬೇರೆ, ಮಗುವನ್ನು ಮಗುವಿನಂತೆ ಕಾಣುವುದು ಬೇರೆ.

ಈ ಎರಡನೆಯ ಕೆಲಸಕ್ಕೆ ಕೈಹಾಕಿದವರು ವಿಠ್ಠಲ ರಾಮಜಿ ಶಿಂದೆ. ಮಹಾರಾಷ್ಟ್ರದವರು ಅವರನ್ನು ಮಹರ್ಷಿ ಎಂದು ಕರೆಯುತ್ತಾರೆ. ಆದರೆ ಅವರು ಹುಟ್ಟಿದ್ದು ನಮ್ಮ ಜಮಖಂಡಿಯಲ್ಲಿ, 1873ರಲ್ಲಿ. ಬರೋಡಾ ಮಹಾರಾಜರ ನೆರವಿನಿಂದ ಆಕ್ಸ್‌ಫರ್ಡಿಗೆ ಹೋಗಿ ಧರ್ಮಗಳ ಅಧ್ಯಯನ ಮಾಡಿ ಬಂದವರು, ಪ್ರಾರ್ಥನಾ ಸಮಾಜದ ಕೆಲಸ ಮಾಡುತ್ತಿದ್ದರು. 1906ರ ಅಕ್ಟೋಬರ್ 18ರಂದು ಅವರು ಮುಂಬಯಿಯಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ, ಪರೇಲ್ ಭಾಗದಲ್ಲಿ ಅಸ್ಪೃಶ್ಯರ ಮಕ್ಕಳಿಗಾಗಿ ಶಾಲೆ ತೆರೆದರು. ಮಿಷನ್ನಿನ ಅಧ್ಯಕ್ಷರು ಯಾರು ಗೊತ್ತೇ? ಸರ್ ನಾರಾಯಣ ಗಣೇಶ ಚಂದಾವರ್ಕರ್, ನಮ್ಮ ಹೊನ್ನಾವರದಲ್ಲಿ 1855ರಲ್ಲಿ ಹುಟ್ಟಿದವರು, ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರು. ಮುಂಬಯಿಯ ಈ ಶಾಲೆಯ ಹಿಂದೆ ಜಮಖಂಡಿ, ಹೊನ್ನಾವರಗಳ ಇಬ್ಬರು ಇದ್ದರು ಎನ್ನುವುದು ನಮ್ಮ ಎಷ್ಟು ಸಂಘಗಳ ಸ್ಮರಣ ಸಂಚಿಕೆಯಲ್ಲಿ ಬಂದಿದೆಯೋ!

ಶಿಂದೆಯವರ ಕೆಲಸದಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಶಾಲೆ ತೆರೆದದ್ದಷ್ಟೇ ಅಲ್ಲ. ಅವರ ತಂದೆತಾಯಿ, ತಂಗಿ ಜನಾಬಾಯಿ, ಇಡೀ ಸಂಸಾರವೇ ಆ ಮಿಷನ್ನಿನ ಜನರ ನಡುವೆ ವಾಸ ಮಾಡಿ ದುಡಿಯಿತು. "ನಿಮಗಾಗಿ ಒಂದು ಶಾಲೆ ಕಟ್ಟಿದ್ದೇವೆ, ಬನ್ನಿ" ಎಂದು ದೂರದಿಂದ ಹೇಳಲಿಲ್ಲ, ಮಕ್ಕಳ ಜೊತೆಗೇ ಇದ್ದರು. ಇದಕ್ಕೂ ಮೊದಲೇ, 1897ರಲ್ಲಿ, ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ಇಂಥದೇ ಮಿಷನ್ ಆರಂಭಿಸಿದ್ದರು. ರಂಗರಾಯರು ಹುಟ್ಟಿದ್ದು ಕಾಸರಗೋಡಿನಲ್ಲಿ. ದಲಿತ ಮಕ್ಕಳಿಗೆ ಶಾಲೆ ತೆರೆದದ್ದಕ್ಕೆ ಅವರ ಸ್ವಂತ ಜಾತಿಯವರೇ ಅವರನ್ನು ದೂರವಿಟ್ಟರು.

ಇನ್ನು ನಮ್ಮ ರಾತ್ರಿ ಶಾಲೆಗಳ ವಿಷಯಕ್ಕೆ ಬರುತ್ತೇನೆ. ಮುಂಬಯಿಗೆ ಬಂದ ಕರಾವಳಿಯ ಮೀನುಗಾರ ಸಮಾಜದವರು 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು. ಅವರು 1908ರಲ್ಲಿ ಆರಂಭಿಸಿದ ಉಚಿತ ರಾತ್ರಿ ಶಾಲೆ ಮುಂದೆ ಹೈಸ್ಕೂಲಾಗಿ ಬೆಳೆಯಿತು. ನಂತರ ಬಿಲ್ಲವರ ಎಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆ ಮೊದಲಾಗಿ ಬೇರೆ ಸಂಸ್ಥೆಗಳ ಶಾಲೆಗಳೂ ಬಂದವು. ಪರೇಲಿನ ಶಾಲೆಗೂ ಮೊಗವೀರರ ಶಾಲೆಗೂ ಎರಡೇ ವರ್ಷಗಳ ಅಂತರ ನೋಡಿ. ಹಗಲು ಶಾಲೆಯ ಬಾಗಿಲು ಈ ಹುಡುಗರಿಗೆ ಮುಚ್ಚಿರಲಿಲ್ಲ. ಆದರೆ ಅದು ತೆರೆದಿರುವ ಹೊತ್ತಿನಲ್ಲಿ ಅವರು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ಇರುತ್ತಿದ್ದರು. ಹುಡುಗರಿಗೆ ಬಿಡುವಿರುವ ಗಂಟೆಗೆ ಶಾಲೆಯೇ ಸರಿದುಕೊಂಡಿತು. ಎಂಥ ದೊಡ್ಡ ವಿಚಾರ ಅದು!

ನಾನು ಕಲಿತ ರಾತ್ರಿ ಶಾಲೆಯ ಹೆಸರು ಇಲ್ಲಿ ಬೇಡ. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು. ಕೋಟೆ ಪ್ರದೇಶದ ಒಂದು ಕ್ಯಾಂಟೀನು. ಸೋಡಾಪುಡಿ, ಬಿಸಿನೀರಿನಲ್ಲಿ ಬೆರಳ ಸಂದಿಯ ಚರ್ಮವೆಲ್ಲ ಬೆಳ್ಳಗೆ ಸುಲಿದಿರುತ್ತಿತ್ತು. ಸಂಜೆ ಆರೂವರೆಗೆ ಶಾಲೆ. ಹುಡುಗರಲ್ಲಿ ಮನೆಮಾತು ತುಳುವಿನವರು, ಕೊಂಕಣಿಯವರು, ಬ್ಯಾರಿ, ಕುಂದಗನ್ನಡದವರು ಎಲ್ಲರೂ ಇದ್ದೆವು. ಪುಸ್ತಕದ ಕನ್ನಡ ನಮ್ಮಲ್ಲಿ ಹೆಚ್ಚಿನವರಿಗೆ ಎರಡನೇ ಭಾಷೆಯೇ. ಹಗಲು ಪೂರ್ತಿ ಬಾಯಲ್ಲಿ ಹಿಂದಿ, ಮರಾಠಿ. ಗಣಿತದ ಮಾಸ್ತರು ಹಗಲು ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದವರು, ಅವರಿಗೂ ದಣಿವೇ. ನಾನು ಡೆಸ್ಕಿನ ಮೇಲೆ ತಲೆಯಿಟ್ಟು ನಿದ್ದೆ ಹೋದರೆ ಬೆತ್ತ ಎತ್ತುತ್ತಿರಲಿಲ್ಲ. ಪಕ್ಕದವನಿಗೆ ಸನ್ನೆ ಮಾಡಿ "ಇರಲಿ" ಅನ್ನುತ್ತಿದ್ದರು. ಕೊನೆಯ ಹತ್ತು ನಿಮಿಷ ಉಳಿದಾಗ ಎಬ್ಬಿಸಿ, ಅವತ್ತಿನ ಲೆಕ್ಕವನ್ನು ನನ್ನೊಬ್ಬನಿಗಾಗಿ ಇನ್ನೊಮ್ಮೆ ಬಿಡಿಸುತ್ತಿದ್ದರು. ಒಮ್ಮೆ ಪರೀಕ್ಷೆಗೆ ರಜೆ ಸಿಗದಿದ್ದಾಗ ಕ್ಯಾಂಟೀನಿಗೇ ಬಂದು, ಗಲ್ಲಾದ ಮೇಲಿದ್ದವರ ಜೊತೆ ಮಾತಾಡಿ ನನ್ನನ್ನು ಕರೆದುಕೊಂಡು ಹೋದರು. ಮಾನವೀಯ ಶಿಕ್ಷಣ ಎಂದು ಈಗ ಭಾಷಣ ಮಾಡುತ್ತಾರಲ್ಲ, ನನಗೆ ಆ ಮಾತಿನ ಅರ್ಥ ಗೊತ್ತಿರುವುದು ಆ ಕೊನೆಯ ಹತ್ತು ನಿಮಿಷದಿಂದ.

ಆದರೆ ಮೊಮ್ಮಗಳ ಪ್ರಶ್ನೆ ಅಲ್ಲಿಗೆ ತೀರುವುದಿಲ್ಲವಲ್ಲ. ಮಾಸ್ತರು ಒಳ್ಳೆಯವರು. ನಾನು ಕ್ಯಾಂಟೀನಿನಲ್ಲಿ ಯಾಕಿದ್ದೆ? 14 ವರ್ಷದವರೆಗಿನ ಎಲ್ಲ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ನಮ್ಮ ಸಂವಿಧಾನ 45ನೇ ವಿಧಿಯಲ್ಲಿ ಹತ್ತು ವರ್ಷಗಳ ಗಡುವು ಹಾಕಿತ್ತು. ಅಂದರೆ 1960. ನಾನು ಬಸ್ಸು ಹತ್ತಿದ್ದು 1971ರಲ್ಲಿ. ಅದಕ್ಕೂ ಹಿಂದೆ ಹೋದರೆ, ಗೋಪಾಲಕೃಷ್ಣ ಗೋಖಲೆಯವರು ಪ್ರಾಥಮಿಕ ಶಿಕ್ಷಣದ ಮಸೂದೆ ತಂದದ್ದು 1911ರಲ್ಲಿ. ಅದು ಮರುವರ್ಷ ಬಿದ್ದುಹೋಯಿತು. ಗಡುವುಗಳು ದಾಟುತ್ತಾ ಹೋದವು. ಆ ಸಂದಿಯಲ್ಲಿ ಬಿದ್ದ ಮಕ್ಕಳನ್ನು ರಾತ್ರಿ ಶಾಲೆಗಳು ಎತ್ತಿಕೊಂಡವು. ಎತ್ತಿಕೊಂಡವರಿಗೆ ಕೈಮುಗಿಯುತ್ತೇನೆ. ಬೀಳಲು ಬಿಟ್ಟದ್ದಕ್ಕೂ ಚಪ್ಪಾಳೆ ತಟ್ಟಬೇಕೆ?

ಇಲ್ಲಿಯವರೆಗೆ ಬೇರೆಯವರ ಲೆಕ್ಕ ಹೇಳಿದೆ. ಈಗ ನನ್ನ ಲೆಕ್ಕ.

1989ರಲ್ಲಿ ನಾನು ಬ್ಯಾಂಕಿನಲ್ಲಿದ್ದೆ. ಹೆಂಡತಿಗೂ ನೌಕರಿ. ಮಗಳು ಚಿಕ್ಕವಳು. ಊರಿನಿಂದ 11 ವರ್ಷದ ಒಂದು ಹುಡುಗಿಯನ್ನು ಕರೆತಂದೆವು, ಮಗುವನ್ನು ನೋಡಿಕೊಳ್ಳಲು. ಬೈದಿಲ್ಲ, ಹೊಡೆದಿಲ್ಲ, ಹೊಟ್ಟೆಗೆ ಕಡಿಮೆ ಮಾಡಿಲ್ಲ. ಅವಳ ಅಪ್ಪ ಅಮ್ಮ ನಮಗೆ ಉಪಕಾರ ಸ್ಮರಣೆ ಮಾಡುತ್ತಿದ್ದರು. ಅದೇ ವರ್ಷದ ನವೆಂಬರ್ 20ರಂದು ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಮಗುವಿಗೆ ವಿದ್ಯೆಯ ಹಕ್ಕು, ವಿಶ್ರಾಂತಿ ಮತ್ತು ಆಟದ ಹಕ್ಕು, ದುಡಿಮೆಯ ಶೋಷಣೆಯಿಂದ ರಕ್ಷಣೆಯ ಹಕ್ಕು, ಅಲ್ಪಸಂಖ್ಯಾತ ಮಗುವಿಗೆ ತನ್ನ ಭಾಷೆಯನ್ನು ಆಡುವ ಹಕ್ಕು, ಎಲ್ಲ ಅದರಲ್ಲಿದೆ. ಭಾರತ 1992ರಲ್ಲಿ ಒಪ್ಪಿಕೊಂಡಿತು. ಪೇಪರಿನಲ್ಲಿ ಓದಿರಬೇಕು ನಾನು. ಓದಿ ಮಡಚಿಟ್ಟಿರಬೇಕು.

ಮಗಳು ಶಾಲೆಗೆ ಸೇರಿದ ಮೇಲೆ ಆ ಹುಡುಗಿ ದಿನಾ ಬ್ಯಾಗು ಹೊತ್ತು ಗೇಟಿನವರೆಗೆ ಹೋಗಿ ಬರುತ್ತಿದ್ದಳು. ಸೋಮವಾರ ಯಾವ ಪುಸ್ತಕ, ಗುರುವಾರ ಯಾವ ಪುಸ್ತಕ, ಪೂರ್ತಿ ಟೈಮ್‌ಟೇಬಲ್ ಅವಳಿಗೆ ಬಾಯಿಪಾಠ. ಪುಸ್ತಕಗಳನ್ನು ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದಳು. ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ನನಗೆ, ಅವಳನ್ನೂ ಆ ಗೇಟಿನೊಳಗೆ ಕಳಿಸಬಹುದಿತ್ತು ಎಂದು ಒಂದು ದಿನವೂ ಹೊಳೆಯಲಿಲ್ಲ. ಹೊಳೆದಿದ್ದರೂ ಏನು ಹೇಳಿಕೊಳ್ಳುತ್ತಿದ್ದೆ ಗೊತ್ತಿದೆ: ಒಬ್ಬಳೇ ಹುಡುಗಿಯ ಮಾತಲ್ಲವೇ, ನಾವು ಮೂವರ ಸಂಸಾರ ನಡೆಯಬೇಕಲ್ಲ... 1856ರ ಮುಂಬಯಿ ಸರಕಾರದ ಲೆಕ್ಕವೇ ಅದು! ನಾಲ್ಕು ವರ್ಷ ಇದ್ದು ಅವಳು ಊರಿಗೆ ಹೋದಳು. ಕೆಲವು ವರ್ಷಗಳ ಹಿಂದೆ ಊರಿನ ಬ್ಯಾಂಕಿನಲ್ಲಿ ಸಿಕ್ಕಿದಳು. "ಅಣ್ಣ, ಈ ಫಾರ್ಮು ತುಂಬಿ ಕೊಡಿ" ಅಂದಳು. ತುಂಬಿ ಕೊಟ್ಟೆ. ಅವಳು ಹೆಬ್ಬೆಟ್ಟು ಒತ್ತಿದಳು.

ಮನೆಗೆಲಸಕ್ಕೆ, ಹೋಟೆಲಿಗೆ 14 ವರ್ಷದೊಳಗಿನ ಮಕ್ಕಳನ್ನು ಇಟ್ಟುಕೊಳ್ಳುವುದು ನಿಷಿದ್ಧವಾದದ್ದು 2006ರ ಅಕ್ಟೋಬರ್ 10ರಿಂದ. 2002ರ ಸಂವಿಧಾನ ತಿದ್ದುಪಡಿಯಿಂದ ಶಿಕ್ಷಣ ಮೂಲಭೂತ ಹಕ್ಕಾಯಿತು, ಅದರ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಆ ಕಾಯಿದೆಯಲ್ಲಿ ಮಗುವಿಗೆ ಹೊಡೆಯಬಾರದು, ಮನಸ್ಸಿಗೆ ಹಿಂಸೆ ಕೊಡಬಾರದು ಎಂದೂ, ಸಾಧ್ಯವಿದ್ದಷ್ಟು ಮಾತೃಭಾಷೆಯಲ್ಲಿ ಕಲಿಸಬೇಕು ಎಂದೂ ಇದೆ. ಶಾಲೆಗೇ ಹೋಗದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ಪಾಠ ಹೇಳಿಕೊಡಬೇಕು ಎಂದೂ ಇದೆ. 2016ರ ತಿದ್ದುಪಡಿಯ ಮೇಲೆ, ಮನೆತನದ ಕಸುಬು ಮುಂತಾದ ಒಂದೆರಡು ವಿನಾಯಿತಿ ಬಿಟ್ಟು, 14ರೊಳಗಿನ ಮಕ್ಕಳ ದುಡಿಮೆ ಪೂರ್ತಿ ನಿಷೇಧವಾಗಿದೆ. ಕಾನೂನು ತಡವಾಗಿಯಾದರೂ ಬಂತು.

ಹಾಗಾದರೆ ಈಗ ಎಲ್ಲ ಸರಿಹೋಯಿತೇ? ಬೆಳಿಗ್ಗೆ ಎಂಟು ಗಂಟೆಗೆ ಮುಂಬಯಿ ಉಪನಗರದ ಯಾವುದಾದರೂ ನಾಕಾದಲ್ಲಿ ನಿಂತು ನೋಡಿ. ಗಾರೆ ಕೆಲಸಕ್ಕೆ ಕಾಯುತ್ತಾ ನಿಂತವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯ ಮಾತು ಕಿವಿಗೆ ಬೀಳುತ್ತದೆ. ಕೆಲವರ ಮನೆಮಾತು ಲಂಬಾಣಿ. ಮುಂಬಯಿ ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ತಮಿಳು, ತೆಲುಗು, ಕನ್ನಡ, ಇಂಗ್ಲಿಷ್ ಹೀಗೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತಾ ಬಂದಿದೆ. ಇಂಥ ಏರ್ಪಾಡು ದೇಶದಲ್ಲೇ ಅಪರೂಪ. ನಮ್ಮಂಥ ಹಳಬರು ನಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿ ಕನ್ನಡ ಮಾಧ್ಯಮವನ್ನು ಎಂದೋ ಬಿಟ್ಟೆವು. ಅಲ್ಲಿ ಉಳಿದ ಬೆಂಚುಗಳಲ್ಲಿ ಬಂದು ಕೂತವರು ಹೆಚ್ಚಾಗಿ ಈ ಕೂಲಿಯವರ ಮಕ್ಕಳು. ಆ ಶಾಲೆಗಳೂ ಕಡಿಮೆಯಾಗುತ್ತಾ ಬಂದಿವೆ. ಮಕ್ಕಳ ಸಂಖ್ಯೆ ಸಾಲದು, ಅದಕ್ಕೇ ಮುಚ್ಚಬೇಕು ಅಥವಾ ಪಕ್ಕದ ಶಾಲೆಗೆ ಸೇರಿಸಬೇಕು ಅನ್ನುತ್ತಾರೆ. ಮತ್ತದೇ ತಕ್ಕಡಿ. ನಾಲ್ಕನೇ ತರಗತಿಯಲ್ಲಿ ಒಬ್ಬನೇ ಹುಡುಗ ಉಳಿದರೆ ಅವನಿಗೆ ಹಕ್ಕು ಇದೆಯೋ ಇಲ್ಲವೋ?

ಕನ್ನಡ ಉಳಿಸಲು ಆ ಮಕ್ಕಳನ್ನು ಕನ್ನಡ ಶಾಲೆಯಲ್ಲೇ ಕೂರಿಸಿ ಎಂದು ನಾನು ಹೇಳುತ್ತಿಲ್ಲ, ಗಮನಿಸಿ. ನಮ್ಮ ಭಾಷಾಭಿಮಾನದ ಮೂಟೆ ಹೊರಲು ಆ ಮಕ್ಕಳು ಹುಟ್ಟಿಲ್ಲ. ಮರಾಠಿ ಶಾಲೆ ಬೇಕೆಂದರೆ ಅಲ್ಲಿಗೆ ಹೋಗಲಿ. ಆದರೆ ಹೋದ ಶಾಲೆಯಲ್ಲಿ ಅವನ ಮಾತು ಕೇಳಿ ನಗಬಾರದು, ಅಪ್ಪನ ಕೆಲಸದ ಹೆಸರು ಹಿಡಿದು ಕರೆಯಬಾರದು, ಕೆಲಸ ಮುಗಿದು ಬೇರೆ ಸೈಟಿಗೆ ಸಂಸಾರ ಹೊರಟಾಗ ಹಾಜರಿ ಪುಸ್ತಕದಿಂದ ಸುಮ್ಮನೆ ಹೆಸರು ಹೊಡೆದು ಹಾಕಬಾರದು.

ದಾರಿ ತೋರಿದವರು ಈ ನೆಲದಲ್ಲೇ ಇದ್ದಾರೆ. ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ 1945ರಿಂದ ಬೋರ್ಡಿಯಲ್ಲಿ, 1957ರಿಂದ ಕೋಸ್‌ಬಾಡ್ ಗುಡ್ಡದಲ್ಲಿ ಆದಿವಾಸಿ ಮಕ್ಕಳಿಗಾಗಿ ಕೆಲಸ ಮಾಡಿದರು. ದನ ಕಾಯಲು ಹೋಗುವ ಮಕ್ಕಳು ಶಾಲೆಗೆ ಬರಲಾರರು ಎಂದಾಗ ಹುಲ್ಲುಗಾವಲಿಗೇ ಶಾಲೆಯನ್ನು ಒಯ್ದರು. 1972ರಿಂದ ಮುಂಬಯಿ ಮೊಬೈಲ್ ಕ್ರೆಶಸ್ ಸಂಸ್ಥೆಯವರು ಕಟ್ಟಡ ಕೆಲಸದ ಸೈಟುಗಳಲ್ಲೇ ಕೂಲಿಯವರ ಮಕ್ಕಳಿಗೆ ಪಾಲನಾ ಕೇಂದ್ರ ನಡೆಸುತ್ತಿದ್ದಾರೆ. 1908ರಲ್ಲಿ ನಮ್ಮ ಮೊಗವೀರ ಹಿರಿಯರು ಮಾಡಿದ್ದೂ ಇದನ್ನೇ. ಶಾಲೆಗೆ ಹೊಂದುವಂತೆ ಮಗುವನ್ನು ಕತ್ತರಿಸಲಿಲ್ಲ, ಮಗುವಿಗೆ ಹೊಂದುವಂತೆ ಶಾಲೆಯನ್ನು ಬದಲಾಯಿಸಿದರು.

1856ರಲ್ಲಿ ಅರ್ಜಿ ತಿರಸ್ಕರಿಸಿದ ಗವರ್ನರರ ಹೆಸರಿನಲ್ಲಿ ಪರೇಲಿನ ಪಕ್ಕ ಒಂದು ರೈಲ್ವೆ ಸ್ಟೇಷನ್ ಇತ್ತು, ಎಲ್ಫಿನ್‌ಸ್ಟನ್ ರೋಡ್. 2018ರಲ್ಲಿ ಅದು ಪ್ರಭಾದೇವಿ ಆಯಿತು. ಹೆಸರು ಬದಲಾಯಿಸುವುದು ಸುಲಭ, ಲೆಕ್ಕ ಹಾಕುವ ರೀತಿ ಬದಲಾಯಿಸುವುದು ಕಷ್ಟ. ಅದನ್ನು ನನ್ನ ಮನೆಯಲ್ಲೇ ಕಂಡವನು ನಾನು.

ಮೊಮ್ಮಗಳಿಗೆ ಇಷ್ಟನ್ನೂ ಹೇಳಿದೆ, ಆ ಹುಡುಗಿಯ ವಿಷಯವನ್ನೂ ಬಿಡದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳ ಹೆಸರೇನು ಅಜ್ಜ?" ಎಂದು ಮಾತ್ರ ಕೇಳಿದಳು. ಹೇಳಿದೆ.

ಇನ್ನು ಯಾರಾದರೂ ನನ್ನನ್ನು ವೇದಿಕೆಗೆ ಕರೆದರೆ ರಾತ್ರಿ ಶಾಲೆಯ ಗಣಿತದ ಮಾಸ್ತರ ಬಗ್ಗೆ ಹೇಳುತ್ತೇನೆ. ಅವರಿಗೆ ಎಷ್ಟು ಬೇಕಾದರೂ ಚಪ್ಪಾಳೆ ತಟ್ಟಿ. ಕಪ್ಪು ಬಸಿ ತೊಳೆದ 12 ವರ್ಷದ ಹುಡುಗನ ಬಗ್ಗೆಯೂ ಹೇಳುತ್ತೇನೆ. ಆಗ ಮಾತ್ರ ದಯವಿಟ್ಟು ಚಪ್ಪಾಳೆ ಬೇಡ.